ಟವೆಲ್ ತಿರುಗಿಸಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಬೇಸಿಗೆ ರಜೆ ಬಂತೆಂದರೆ ನಮ್ಮ ತುಮಕೂರಿನವರಿಗೆ ಕಡಲಿನ ಹುಚ್ಚು. ತಿಪಟೂರು, ಅರಸೀಕೆರೆ ದಾಟಿ ಚಾರ್ಮಾಡಿ ಘಾಟಿ ಇಳಿದರೆ ಮಂಗಳೂರು. ಅಲ್ಲಿಂದ ಮಲ್ಪೆ, ಮುರ್ಡೇಶ್ವರ. ವಾಪಸು ಬರುವಾಗ ಕೈಯಲ್ಲೊಂದು ಬೀಚ್ ಟವೆಲ್. ಅದರ ಮೇಲೆ ಯಕ್ಷಗಾನದ ಕಿರೀಟ, ದೋಣಿ, ಮಂಗಳೂರು ಹೆಂಚಿನ ಸಾಲು. ಕರಾವಳಿಯ ಪರಂಪರೆ ಅಂತ ಒಂದು ಚೀಟಿ ಬೇರೆ. ನೇಯ್ಗೆ ಕಲಿಸುವವಳಾಗಿ ನಾನು ಇವತ್ತು ಹೇಳುವುದು ಒಂದೇ ಮಾತು: ಕೊಳ್ಳುವ ಮೊದಲು ಟವೆಲ್ ತಿರುಗಿಸಿ ನೋಡಿ.

ಹಿಂಬದಿ ಬೆಳ್ಳಗಿದೆಯೇ? ಅದು ಅಚ್ಚು ಹಾಕಿದ್ದು. ವಿನ್ಯಾಸ ಹಿಂದೆಯೂ ಕಾಣುತ್ತದೆಯೇ? ಅದು ನೂಲಿಗೇ ಬಣ್ಣ ಹಾಕಿ ನೇಯ್ದದ್ದು. ಅಷ್ಟೇ ಪರೀಕ್ಷೆ.

ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲೇ ಹಾಸು. ಟರ್ಕಿ ಟವೆಲ್ಲಿಗೆ ಎರಡು ಹಾಸು. ಒಂದು ಬಿಗಿ, ಒಂದು ಸಡಿಲ. ಸಡಿಲ ಹಾಸು ಸಣ್ಣ ಸಣ್ಣ ಕುಣಿಕೆಯಾಗಿ ಎದ್ದು ನಿಲ್ಲುತ್ತದೆ. ನೀರು ಹೀರುವುದು ಅದೇ. ಚಿತ್ರ ಚೆನ್ನಾಗಿ ಕೂರಲೆಂದು ಆ ಕುಣಿಕೆಗಳ ತಲೆ ಕತ್ತರಿಸಿ, ಮೇಲೆ ಅಚ್ಚು ಹಾಕುತ್ತಾರೆ. ಮುಟ್ಟಲು ಮಖಮಲ್ಲು, ಮೈ ಒರೆಸಲು ಪ್ರಯೋಜನವಿಲ್ಲ!

ಒಮ್ಮೆ ಉಡುಪಿ ಕಡೆ ಸೀರೆ ನೇಯುವ ಅಜ್ಜಿಯೊಬ್ಬರ ಮನೆಗೆ ಹೋಗಿದ್ದೆ. ನನ್ನ ಜೊತೆ ಬಂದಿದ್ದ ತಿಪಟೂರಿನ ನೆಂಟರ ಹುಡುಗಿ ಮಲ್ಪೆಯಲ್ಲಿ ಕೊಂಡ ಟವೆಲ್ಲನ್ನು ಹೆಮ್ಮೆಯಿಂದ ಬಿಡಿಸಿದಳು. ದೊಡ್ಡ ಕಿರೀಟ, ಅಬ್ಬಾ ಏನು ಬಣ್ಣ! ಅಜ್ಜಿ ಆ ಕಡೆ ನೋಡಲೇ ಇಲ್ಲ. ಕೈಗೆ ತೆಗೆದುಕೊಂಡವರೇ ಮಗುಚಿದರು. ಬಿಳಿ. ಆಮೇಲೆ ಮುಂಬದಿಯನ್ನು ಮಡಿಸಿ, ಮಡಿಕೆಯ ಮೇಲೆ ಉಗುರು ಎಳೆದರು. ಕೆಂಪಿನ ಬುಡದಲ್ಲೂ ಬಿಳಿ. ಒಂದು ಮಾತೂ ಆಡದೆ ಹುಡುಗಿಯ ಕೈ ಹಿಡಿದು, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ಹತ್ತಿರ ಕರೆದೊಯ್ದರು. ಮಗ್ಗದ ಮೇಲೆ ಚೌಕುಳಿ ಏರಿತ್ತು. ಲಾಳಿ ಅತ್ತಿಂದಿತ್ತ ಓಡಿತು. ಕೆಂಪು ಹಾಸನ್ನು ಹಳದಿ ಹೊಕ್ಕು, ಅಂದರೆ ಅಡ್ಡ ನೂಲು, ಹಾಯ್ದ ಕಡೆ ಕಿತ್ತಳೆ, ಹಳದಿಗೆ ಹಳದಿ ಸೇರಿದ ಕಡೆ ಅಪ್ಪಟ ಹಳದಿ. ಹುಡುಗಿ ಬಗ್ಗಿ ಕೆಳಗಿನಿಂದ ನೋಡಿದಳು. ಅಲ್ಲೂ ಅದೇ ಚೌಕ, ಅದೇ ಬಣ್ಣ. ಆ ಮಗುವಿನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಅವತ್ತು ಅವಳಿಗೆ ಅರ್ಥವಾದದ್ದನ್ನು ನಾನು ತರಗತಿಯಲ್ಲಿ ವಾರಗಟ್ಟಲೆ ಹೇಳಿದರೂ ಅರ್ಥವಾಗುತ್ತಿರಲಿಲ್ಲ.

ನಮ್ಮ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ಮಗ್ಗದವರು ಕೇಳುತ್ತಿದ್ದರೆ ಇದೇನು ಹೊಸ ವಿಷಯ ಎಂದಾರು. ನಿಮಗಲ್ಲ ಬಿಡಿ, ಕೊಳ್ಳುವವರಿಗೆ ಹೇಳುತ್ತಿದ್ದೇನೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಕರಾವಳಿಯ ವಿನ್ಯಾಸ ಬೇಕೆಂದರೆ ಕಿರೀಟದ ಚಿತ್ರವೇ ಆಗಬೇಕಿಲ್ಲ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ವೇಷಧಾರಿ ಉಡುವ ಕಸೆ ಸೀರೆಯ ಚೌಕುಳಿ ಇದೆ, ಅದು ನೇಯ್ಗೆಯಲ್ಲೇ ಹುಟ್ಟಿದ್ದು. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಇದು ಆ ಊರಿನದೇ ಎಂಬ ಗುರುತಿನ, ಮಾನ್ಯತೆ ಸಿಕ್ಕಿದೆ. ಅದರ ಅಂಚು, ಪಟ್ಟೆಗಳಿವೆ. ಅಲ್ಲಿಯವರು ದಿನಾ ಹೆಗಲಿಗೆ ಹಾಕುವ ಬೈರಾಸು ಎಂಬ ತೆಳು ಟವೆಲ್ ಇದೆ. ಕಡಲತೀರಕ್ಕೆ ಅದಕ್ಕಿಂತ ಬೇಕೇ? ಗಾಳಿಗೆ ಬೇಗ ಆರುತ್ತದೆ, ಮರಳು ಕೊಡವಿದರೆ ಉದುರುತ್ತದೆ. ಅಲ್ಲೂ ತಿರುಗಿಸಿ ನೋಡಿಯೇ ಕೊಳ್ಳಿ. ಅಂಗಡಿಯವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಉಪ್ಪುನೀರು ಕುಡಿದ ಟವೆಲ್ಲನ್ನು ಮೊದಲು ಸಿಹಿನೀರಿನಲ್ಲಿ ಜಾಲಿಸಿ. ಬಟ್ಟೆ ಮೆದುವಾಗಲೆಂದು ಮಾರುವ ದ್ರವ ಖಂಡಿತ ಹಾಕಬೇಡಿ. ಅದು ನೂಲಿನ ಮೇಲೆ ಜಿಡ್ಡು ಕಟ್ಟಿ ನೀರು ಹೀರದಂತೆ ಮಾಡುತ್ತದೆ. ನಮಸ್ಕಾರ.