ಹಂದಿ ಮಾಂಸದ ಬುಟ್ಟಿಯಲ್ಲಿ ವೆನಿಸ್‌ಗೆ ಬಂದ ಸಂತ

ನಮಸ್ಕಾರ. ನಮ್ಮ ಚಾನೆಲ್ ನೋಡುವವರೊಬ್ಬರು ಕೇಳಿದ್ದರು: "ಸಂತ ಮಾರ್ಕ ತೀರಿಕೊಂಡಿದ್ದು ಈಜಿಪ್ಟಿನಲ್ಲಿ, ಸಂತ ನಿಕೋಲಾಸ್ ಈಗಿನ ಟರ್ಕಿಯಲ್ಲಿ. ಇಬ್ಬರ ಸಮಾಧಿಗೂ ಕೈಮುಗಿಯೋಕೆ ಜನ ಇಟಲಿಗೆ ಹೋಗ್ತಾರಲ್ಲ, ಅದು ಹೇಗೆ?"

ಮಾರ್ಕ ಅಂದರೆ ಬೈಬಲ್‌ನಲ್ಲಿ ಯೇಸುವಿನ ಕಥೆ ಬರೆದ ನಾಲ್ವರಲ್ಲಿ ಒಬ್ಬ, ನಿಕೋಲಾಸ್ ಅಂದರೆ ಸಾಂತಾ ಕ್ಲಾಸ್ ಕಥೆಗೆ ಮೂಲವಾದ ಬಿಷಪ್. ಚಿಕ್ಕ ಉತ್ತರ: ಕದ್ದುಕೊಂಡು ಹೋದರು. ದೊಡ್ಡ ಉತ್ತರಕ್ಕೆ ಸ್ವಲ್ಪ ಕೂತುಕೊಳ್ಳಿ.

ಮೊದಲು ಬೇಗ ಬೇಗ ಎರಡು ವಿಷಯ: ಇಂಥ ಸಮಾಧಿಗಳಿರುವ ಬಸಿಲಿಕಾ, ಮತ್ತು ಅಲ್ಲಿ ಇಟ್ಟಿರುವ ಅವಶೇಷ. ಬಸಿಲಿಕಾ ಅಂದರೆ ಮೂಲದಲ್ಲಿ ಚರ್ಚೇ ಅಲ್ಲ. ರೋಮನ್ನರ ಊರುಗಳಲ್ಲಿ ಕೋರ್ಟು, ವ್ಯಾಪಾರ ಎಲ್ಲ ನಡೆಯುತ್ತಿದ್ದ ಉದ್ದನೆಯ ಹಜಾರ. 4ನೇ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಚರ್ಚ್ ಕಟ್ಟಿಸುವಾಗ ಅದೇ ಮಾದರಿ ಹಿಡಿದ. ಈಗ ಅದು ಚರ್ಚಿಗೆ ಪೋಪ್ ಕೊಡುವ ಒಂದು ಗೌರವದ ಹೆಸರು. ಮೇಜರ್ ಬಸಿಲಿಕಾಗಳು 4 ಮಾತ್ರ, ನಾಲ್ಕೂ ರೋಮಿನವು. (ಅಂದ ಹಾಗೆ, ರೋಮಿನ ಕ್ಯಾಥೆಡ್ರಲ್, ಅಂದರೆ ಬಿಷಪ್ಪರ ಪೀಠ ಇರುವ ಚರ್ಚ್, ಸಂತ ಪೀಟರ್ ಬಸಿಲಿಕಾ ಅಲ್ಲ, ಲ್ಯಾಟರನ್. ಕ್ವಿಜ್‌ನಲ್ಲಿ ಬಂದರೆ ನನ್ನನ್ನು ನೆನೆಸಿಕೊಳ್ಳಿ.)

ಎರಡನೆಯದು, ಪವಿತ್ರ ಅವಶೇಷ. ಸಂತರ ಮೂಳೆ, ಬಟ್ಟೆ, ಅವರು ಬಳಸಿದ ವಸ್ತು, ಇವೆಲ್ಲ ಇದರಲ್ಲಿ ಬರುತ್ತವೆ. ಮೊದಲ ಕಾಲದ ಕ್ರೈಸ್ತರು ಹುತಾತ್ಮರ ಸಮಾಧಿ ಹತ್ತಿರ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. 787ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಎರಡನೇ ಮಹಾಸಭೆ, ಚರ್ಚ್ ಪ್ರತಿಷ್ಠೆ ಮಾಡಬೇಕಾದರೆ ಅವಶೇಷ ಇರಲೇಬೇಕು ಅಂತ ನಿಯಮ ಮಾಡಿತು. ಚರ್ಚುಗಳು ಜಾಸ್ತಿ, ಸಂತರು ಕಡಿಮೆ. ಮುಂದೇನಾಯಿತು ಅಂತ ಊಹಿಸಬಹುದು ಅಲ್ವಾ?

ಈಗ ನನ್ನ ಇಷ್ಟದ ಕಥೆ. ವರ್ಷ 828. ಮಾರ್ಕನ ಸಮಾಧಿ ಇದ್ದ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಮುಸ್ಲಿಂ ಆಡಳಿತ. ವೆನಿಸ್‌ನವರೇ ಹೇಳಿಕೊಂಡು ಬಂದ ಪ್ರಕಾರ, ಬುವೋನೊ ಮತ್ತು ರುಸ್ತಿಕೊ ಅನ್ನುವ ಅವರ ಇಬ್ಬರು ವ್ಯಾಪಾರಿಗಳು ಮಾರ್ಕನ ದೇಹವನ್ನು ಸಮಾಧಿಯಿಂದ ತೆಗೆದು, ಯಾರಿಗೂ ಗೊತ್ತಾಗದಿರಲಿ ಅಂತ ಆ ಜಾಗದಲ್ಲಿ ಇನ್ನೊಬ್ಬ ಸಂತಳ ದೇಹ ಇಟ್ಟು, ಮಾರ್ಕನನ್ನು ಬುಟ್ಟಿಯಲ್ಲಿ ಮಲಗಿಸಿ, ಮೇಲೆ ಹಂದಿ ಮಾಂಸ ಹರಡಿದರು. ಬಂದರಿನಲ್ಲಿ ತಪಾಸಣೆಗೆ ಬಂದವರು ಇಣುಕಿದರು. "ಕಂಜೀರ್! ಕಂಜೀರ್!" ಅಂತ ಕೂಗಿ ಹಿಂದೆ ಸರಿದರು. ಅಂದರೆ ಹಂದಿ, ಹಂದಿ. ಹಡಗು ಹೊರಟಿತು.

ಇದರಲ್ಲಿ ನನಗೆ ತಮಾಷೆ ಅನ್ನಿಸುವುದು ಕಳ್ಳತನವಲ್ಲ. ವೆನಿಸ್‌ನ ಸಂತ ಮಾರ್ಕ ಬಸಿಲಿಕಾದ ಒಳಗೆ, ಚಿನ್ನದ ಹಿನ್ನೆಲೆಯ ಮೊಸಾಯಿಕ್‌ನಲ್ಲಿ (ಬಣ್ಣದ ಚೂರು ಜೋಡಿಸಿ ಮಾಡಿದ ಚಿತ್ರ), ಈ ಇಡೀ ಘಟನೆ ಇದೆ. ಆ "ಕಂಜೀರ್" ಕೂಗು ಕೂಡ ಅಕ್ಷರದಲ್ಲೇ ಇದೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತೇವಲ್ಲ, ಇವರು ಹೆಗಲ ಮೇಲೆ ಕುಂಬಳಕಾಯಿ ಇಟ್ಟುಕೊಂಡೇ ಚಿತ್ರ ಬರೆಸಿಕೊಂಡವರು. ನಾಚಿಕೆ ಯಾಕಿಲ್ಲ ಅಂದರೆ, ಅವರ ಲೆಕ್ಕದಲ್ಲಿ ಇದು ಕಳ್ಳತನವೇ ಅಲ್ಲ. ಸಂತನಿಗೆ ಇಷ್ಟವಿಲ್ಲದಿದ್ದರೆ ಅವನ ದೇಹ ಜಾಗ ಬಿಟ್ಟು ಕದಲುತ್ತಿತ್ತಾ? ಹಡಗು ದಡ ಸೇರುತ್ತಿತ್ತಾ? ಸೇರಿತು ಅಂದರೆ ಒಪ್ಪಿಗೆ ಇತ್ತು ಅಂತಲೇ. ಈ ಥರದ ಕೆಲಸಕ್ಕೆ ಲ್ಯಾಟಿನ್‌ನಲ್ಲಿ "ಪವಿತ್ರ ಕಳವು" ಅಂತ ಹೆಸರೇ ಇದೆ. ಇಂಥ ವಾದ ಯಾವ ವಕೀಲನಿಗೂ ಹೊಳೆಯಲಿಕ್ಕಿಲ್ಲ.

ಇನ್ನೂ ಇದೆ. 976ರಲ್ಲಿ ಚರ್ಚಿಗೆ ಬೆಂಕಿ ಬಿತ್ತು. ಅಷ್ಟು ಕಷ್ಟಪಟ್ಟು ತಂದ ದೇಹ ಎಲ್ಲಿದೆ ಅಂತಲೇ ಆಮೇಲೆ ಯಾರಿಗೂ ತಿಳಿಯದಾಯಿತು. 1094ರಲ್ಲಿ ಜನ ಸೇರಿ ಪ್ರಾರ್ಥನೆ ಮಾಡಿದಾಗ ಕಂಬವೊಂದು ಬಿರಿದು ಸಂತ ಕಾಣಿಸಿಕೊಂಡ ಅನ್ನುತ್ತದೆ ಐತಿಹ್ಯ. ಅದಕ್ಕೂ ಒಂದು ಮೊಸಾಯಿಕ್ ಮಾಡಿಸಿದ್ದಾರೆ, ಬಿಡಿ.

ಅಯ್ಯೋ, ಟೈಮ್ ಆಗ್ತಾ ಇದೆ. ನಿಕೋಲಾಸ್ ಕಥೆ ಓಡಿಸಿಬಿಡುತ್ತೇನೆ. 1087ರಲ್ಲಿ ಇಟಲಿಯ ಬಾರಿ ಊರಿನ ನಾವಿಕರು, ಅವನ ಸಮಾಧಿ ಇದ್ದ ಈಗಿನ ಟರ್ಕಿಯ ಮೈರಾದಿಂದ ಮೂಳೆ ಎತ್ತಿಕೊಂಡು ಬಂದರು. ಅವಸರದಲ್ಲಿ ಬಿಟ್ಟು ಬಂದ ಚೂರುಗಳನ್ನು ಕೆಲವು ವರ್ಷಗಳ ನಂತರ ವೆನಿಸ್‌ನವರು ಬಾಚಿಕೊಂಡರು. (ಮತ್ತೆ ಅವರೇ!) ಎರಡೂ ಊರಿನವರು ನಮ್ಮದೇ ಅಸಲಿ ಅನ್ನುತ್ತಿದ್ದರು. 20ನೇ ಶತಮಾನದಲ್ಲಿ ಪರೀಕ್ಷೆ ಮಾಡಿದವರು, ಎರಡೂ ಒಬ್ಬನದೇ ಮೂಳೆ ಅಂದರು. ಎಲ್ಲ ಕಡೆ ಇಷ್ಟು ಚೆನ್ನಾಗಿ ಲೆಕ್ಕ ಕೂಡಿಬರುವುದಿಲ್ಲ. ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೊವಾನ್ನನ ತಲೆ ನಮ್ಮಲ್ಲಿದೆ ಅಂತ ಫ್ರಾನ್ಸಿನ ಅಮಿಯೆನ್, ರೋಮ್, ಸಿರಿಯಾದ ಡಮಾಸ್ಕಸ್ ಮೂರೂ ಹೇಳುತ್ತವೆ.

ಹೋಗುವವರಿಗೆ ಒಂದೇ ಉಸಿರಲ್ಲಿ: ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ, ಬಲಿಪೂಜೆಯ (ಚರ್ಚಿನ ಮುಖ್ಯ ಪೂಜೆ) ಹೊತ್ತಿನಲ್ಲಿ ಓಡಾಡಬೇಡಿ, ಬಲಿಪೀಠದ ಕೆಳಗೆ ಇಳಿಯುವ ಮೆಟ್ಟಿಲು ಇದೆಯಾ ನೋಡಿ, ಸಮಾಧಿ ಬಹಳ ಕಡೆ ಅಲ್ಲೇ ಇರುತ್ತದೆ. ಬಾರಿಗೆ ಹೋಗುವುದಾದರೆ ಮೇ 9 ನೋಡಿಕೊಳ್ಳಿ, ಸಮಾಧಿಯೊಳಗೆ ಜಿನುಗಿದ ನೀರನ್ನು ವರ್ಷಕ್ಕೊಮ್ಮೆ ತೆಗೆಯುವ ದಿನ ಅದು.

ಹಾಂ, ಮಾರ್ಕನ ಕಥೆ ಮುಗಿಸಲೇ ಇಲ್ಲ. 1968ರಲ್ಲಿ ಪೋಪ್ ಆರನೇ ಪೌಲ್ ಅವನ ಅವಶೇಷದ ಒಂದು ಭಾಗವನ್ನು ಈಜಿಪ್ಟಿನ ಕ್ರೈಸ್ತರದೇ ಆದ ಕಾಪ್ಟಿಕ್ ಚರ್ಚಿಗೆ ಮರಳಿ ಕೊಟ್ಟರು. ಈಗ ಅದು ಕೈರೋದಲ್ಲಿದೆ. ಈ ಸಲ ಬುಟ್ಟಿಯೂ ಬೇಕಾಗಲಿಲ್ಲ, ಹಂದಿ ಮಾಂಸವೂ ಬೇಕಾಗಲಿಲ್ಲ.