ಜಪಾನಿನಲ್ಲಿ ಮಗುವಿಗೆ ಶಾಲೆ ಆರಿಸುವಾಗ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಿಂದ ಕೆಲಸದ ಮೇಲೆ ಟೋಕಿಯೋಗೆ ಹೊರಡುವ ದಂಪತಿಗಳು ವೀಸಾ, ಬಾಡಿಗೆ ಮನೆ, ಸಾಮಾನು ಸಾಗಣೆ ಎಲ್ಲವನ್ನೂ ಮುಗಿಸಿಕೊಂಡು ಕೊನೆಗೆ ಕೇಳುವುದು, ಅಲ್ಲಿ ಒಳ್ಳೆಯ ಶಾಲೆ ಯಾವುದು ಎಂದು. ನನ್ನ ದೃಷ್ಟಿಯಲ್ಲಿ ಶಾಲೆಯ ಹೆಸರು ಆಮೇಲಿನ ಮಾತು. ಮಗುವಿಗೆ ಈಗ ಎಷ್ಟು ವಯಸ್ಸು, ಎಷ್ಟು ವರ್ಷ ಅಲ್ಲಿರುತ್ತೇವೆ ಎಂಬುದು ಮೊದಲು ತೀರ್ಮಾನವಾಗಬೇಕು.

ಜಪಾನಿನಲ್ಲಿ ಆರು ವರ್ಷದ ಪ್ರಾಥಮಿಕ, ಮೂರು ವರ್ಷದ ಮಾಧ್ಯಮಿಕ ಶಿಕ್ಷಣ ಕಡ್ಡಾಯ. ಆದರೆ ಆ ಕರ್ತವ್ಯ ಜಪಾನಿ ಪ್ರಜೆಗಳದ್ದು. ವಿದೇಶಿ ಪೋಷಕರು ಮಗುವನ್ನು ಶಾಲೆಗೆ ಸೇರಿಸದಿದ್ದರೆ ಕಾನೂನು ಅವರನ್ನು ಒತ್ತಾಯಿಸುವುದಿಲ್ಲ. ಅವರೇ ವಾರ್ಡ್ ಕಚೇರಿಗೆ ಹೋಗಿ ಕೋರಿಕೊಂಡರೆ ಸರ್ಕಾರಿ ಶಾಲೆಯಲ್ಲಿ ಬೋಧನಾ ಶುಲ್ಕವಿಲ್ಲದೆ, ಪಠ್ಯಪುಸ್ತಕ ಸಹಿತ ಸ್ಥಾನ ಸಿಗುತ್ತದೆ. ಈ ಕೋರಿಕೆಯ ವ್ಯವಸ್ಥೆಯಿಂದ ಎಷ್ಟು ಮಕ್ಕಳು ಜಾರಿಹೋಗಬಹುದೆಂಬುದು 2019ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ನಡೆಸಿದ ಸಮೀಕ್ಷೆಯಿಂದ ತಿಳಿದುಬಂತು: ಶಾಲಾ ವಯಸ್ಸಿನ ಸುಮಾರು 1,24,000 ವಿದೇಶಿ ಮಕ್ಕಳಲ್ಲಿ 19,000ಕ್ಕೂ ಹೆಚ್ಚು ಮಂದಿ ಯಾವ ಶಾಲೆಗೂ ಹೋಗದಿರುವ ಸಾಧ್ಯತೆ ಕಂಡುಬಂದಿತ್ತು. ಓದಿಗೆ ಇಷ್ಟು ಬೆಲೆ ಕೊಡುವ ದೇಶದಲ್ಲಿ ಈ ಸಂಖ್ಯೆ ನನ್ನನ್ನು ಇಂದಿಗೂ ಕಲಕುತ್ತದೆ.

ಆರೇಳು ವರ್ಷದ ಮಗುವಿದ್ದು, ನಾಲ್ಕೈದು ವರ್ಷವಾದರೂ ಅಲ್ಲಿ ನಿಲ್ಲುವುದು ಖಚಿತವಿದ್ದರೆ, ನಾನು ಸರ್ಕಾರಿ ಶಾಲೆಯನ್ನೇ ಸೂಚಿಸುತ್ತೇನೆ. ಅಲ್ಲಿ ಮಕ್ಕಳು ನೆರೆಹೊರೆಯವರ ಜೊತೆ ನಡೆದೇ ಶಾಲೆಗೆ ಹೋಗುತ್ತಾರೆ, ತಮ್ಮ ತರಗತಿಯನ್ನು ತಾವೇ ಗುಡಿಸಿ ಒರೆಸುತ್ತಾರೆ, ಸರದಿಯ ಮೇಲೆ ಊಟ ಬಡಿಸುತ್ತಾರೆ. ಒಂದನೆಯ ತರಗತಿಯಲ್ಲಿ ಕಲಿಯಬೇಕಾದ ಕಾಂಜಿ, ಅಂದರೆ ಜಪಾನಿ ಬರಹದಲ್ಲಿ ಬಳಸುವ ಚೀನೀ ಮೂಲದ ಅಕ್ಷರಗಳು, 80 ಮಾತ್ರ. ಆರನೆಯದನ್ನು ಮುಗಿಸುವ ಹೊತ್ತಿಗೆ ಅವು 1,026 ಆಗುತ್ತವೆ. ಮೊದಲ ಮೆಟ್ಟಿಲಿನಿಂದಲೇ ಹತ್ತಿದ ಮಗುವಿಗೆ ಇದು ದಕ್ಕುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ, ಭಾಷೆಯ ಗಂಧವೇ ಇಲ್ಲದೆ ಬಂದಿಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಿದಾಗ, ಮೂರೇ ವರ್ಷಕ್ಕೆ ಪ್ರೌಢಶಾಲೆಯ ಪ್ರವೇಶ ಪರೀಕ್ಷೆ ಎದುರಾಗುತ್ತದೆ. ಅಂಥ ಮಗುವಿನ ಮೇಲೆ ಆ ಭಾರ ಹೊರಿಸುವುದು ನನಗೆ ಸರಿಯೆನಿಸುವುದಿಲ್ಲ.

ಸಸ್ಯಾಹಾರಿ ಮನೆಯವರು ಊಟದ ವಿಷಯವನ್ನು ಸೇರಿಸುವ ಮೊದಲೇ ಶಾಲೆಯೊಡನೆ ಮಾತಾಡಿಕೊಳ್ಳಬೇಕು. ಎಲ್ಲರಿಗೂ ಒಂದೇ ಊಟ. ತರಕಾರಿಯ ಸಾರಿನಲ್ಲೂ ಮೀನಿನ ರಸ ಇರುವುದು ಸಾಮಾನ್ಯ. ಮನೆಯಿಂದ ಬುತ್ತಿ ಕಟ್ಟಿಕೊಡಲು ಒಪ್ಪಿಗೆ ಪಡೆಯಬೇಕಾಗುತ್ತದೆ.

ಎರಡು ಮೂರು ವರ್ಷಕ್ಕೆ ಹಿಂದಿರುಗುವವರಿಗೆ, ಅಥವಾ ದೊಡ್ಡ ಮಕ್ಕಳಿರುವವರಿಗೆ, ಭಾರತೀಯ ಪಠ್ಯಕ್ರಮದ ಶಾಲೆಗಳು ಅನುಕೂಲ. ಟೋಕಿಯೋದ ಕೋತೋ ವಾರ್ಡಿನಲ್ಲಿ ಇಂಡಿಯಾ ಇಂಟರ್‌ನ್ಯಾಷನಲ್ ಸ್ಕೂಲ್ 2004ರಲ್ಲಿ ಆರಂಭವಾಯಿತು. ಭಾರತೀಯರು ಹೆಚ್ಚಾಗಿ ನೆಲೆಸಿರುವ ನಿಶಿಕಸಾಯಿಯ ಸುತ್ತಮುತ್ತ ಮನೆ ಹಿಡಿಯುವವರಿಗೆ ಇಂಥ ಶಾಲೆಗಳು ದೂರವಲ್ಲ. ಇತರ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಹಲವು ವರ್ಷಕ್ಕೆ 20 ಲಕ್ಷ ಯೆನ್‌ಗೂ ಮೀರಿ ಶುಲ್ಕ ಪಡೆಯುತ್ತವೆ. ಕಂಪನಿ ಅದನ್ನು ಭರಿಸುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಯಾವ ಶಾಲೆಗೆ ಸೇರಿಸಿದರೂ ಕನ್ನಡದ ಓದುಬರಹ ಮನೆಯ ಪಾಲಿಗೇ ಉಳಿಯುತ್ತದೆ. ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮವು ಕೇಂದ್ರೀಯ ಪಠ್ಯಕ್ರಮದ ಶಾಲೆಗಳಲ್ಲೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸುತ್ತದೆ. ಹಿಂದಿರುಗುವ ದಿನ ಕಾಗುಣಿತದಿಂದ ಶುರುಮಾಡಬೇಕಾದ ಹತ್ತು ವರ್ಷದ ಮಗುವಿನ ಸಂಕೋಚವನ್ನು ನೆನೆದು, ಈಗಿನಿಂದಲೇ ದಿನಕ್ಕೆ ಅರ್ಧ ಗಂಟೆ ಅದರೊಡನೆ ಕನ್ನಡ ಬರೆಯಲು ಕುಳಿತುಕೊಳ್ಳಿ.

ನಮಸ್ಕಾರ.