ಕಾಲು ಸೆಕೆಂಡಿಗೂ ಕಡಿಮೆ: ಸೋನಿಯಾ ಓಸಲಿವಾನ್ ಅವರ ಓಟದ ಬದುಕು

ಮಾನ್ಯ ಅಧ್ಯಕ್ಷರೇ, ಕ್ರೀಡಾಸಕ್ತ ಸಭಿಕರೇ,

2000ದ ಸೆಪ್ಟೆಂಬರ್ 25ರ ರಾತ್ರಿ ಸಿಡ್ನಿಯ ಒಲಿಂಪಿಕ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಅವರಲ್ಲಿ ಬಹುಪಾಲು ಮಂದಿಗೆ ಬೇಕಾಗಿದ್ದುದು ತಮ್ಮದೇ ನಾಡಿನ ಕ್ಯಾಥಿ ಫ್ರೀಮನ್ ಅವರ 400 ಮೀಟರ್ ಓಟ. ಅದೇ ರಾತ್ರಿ ಮಹಿಳೆಯರ 5,000 ಮೀಟರ್ ಫೈನಲ್ ಕೂಡ ನಡೆಯಿತು. ರೊಮೇನಿಯಾದ ಗೇಬ್ರಿಯೆಲಾ ಸಾಬೊ 14 ನಿಮಿಷ 40.79 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರೆ, ಐರ್ಲೆಂಡಿನ ಸೋನಿಯಾ ಓಸಲಿವಾನ್ 14 ನಿಮಿಷ 41.02 ಸೆಕೆಂಡುಗಳಲ್ಲಿ ಮುಟ್ಟಿದರು. ಅಂತರ 0.23 ಸೆಕೆಂಡು. ಈ ಸೋಲಿಗೆ ಮತ್ತೆ ಬರುತ್ತೇನೆ, ಏಕೆಂದರೆ ಸೋನಿಯಾ ಎಂಥ ಓಟಗಾರ್ತಿ ಎಂಬುದು ನನಗೆ ಅವರ ಚಿನ್ನದ ಪದಕಗಳಲ್ಲಿ ಕಂಡದ್ದಕ್ಕಿಂತ ಹೆಚ್ಚಾಗಿ ಇಲ್ಲಿ ಕಂಡಿದೆ.

ಅವರು ಹುಟ್ಟಿದ್ದು 1969ರಲ್ಲಿ, ಕಾರ್ಕ್ ಕೌಂಟಿಯ ಕೋವ್ ಎಂಬ ಬಂದರು ಪಟ್ಟಣದಲ್ಲಿ. ಟೈಟಾನಿಕ್ ಹಡಗು ಕೊನೆಯದಾಗಿ ತಂಗಿದ್ದ ಊರೂ ಇದೇ. ಅಮೆರಿಕದ ವಿಲನೋವಾ ವಿಶ್ವವಿದ್ಯಾಲಯದಲ್ಲಿ ಓದುತ್ತ ಪಳಗಿದ ಅವರು 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ 3,000 ಮೀಟರ್‌ನಲ್ಲಿ ನಾಲ್ಕನೆಯವರಾದರು. ಮರುವರ್ಷ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಅದೇ ದೂರದಲ್ಲಿ, ಮತ್ತೆ ನಾಲ್ಕನೆಯ ಸ್ಥಾನ. ಮುಂದಿದ್ದ ಮೂವರೂ ಕೋಚ್ ಮಾ ಜುನ್‌ರೆನ್ ಅವರ ಚೀನೀ ಶಿಷ್ಯೆಯರು. ಅದೇ ಕೂಟದ 1,500 ಮೀಟರ್‌ನಲ್ಲಿ ಸೋನಿಯಾ ಬೆಳ್ಳಿ ಗೆದ್ದರು. ಅಲ್ಲಿಯೂ ಚಿನ್ನ ಚೀನಾದ ಪಾಲಾಗಿತ್ತು. ಆ ತಂಡದಲ್ಲಿ ಉದ್ದೀಪನ ಮದ್ದು ಬಳಕೆಯಾಗುತ್ತಿತ್ತೆಂದು ಓಟಗಾರ್ತಿಯರೇ ಬರೆದರೆನ್ನಲಾದ ಪತ್ರವೊಂದು 2016ರಲ್ಲಿ ಬೆಳಕಿಗೆ ಬಂತಾದರೂ ಪದಕಗಳು ಕೈ ಬದಲಾಗಲಿಲ್ಲ.

1994ರಲ್ಲಿ ಅವರು 2,000 ಮೀಟರ್ ದೂರವನ್ನು 5 ನಿಮಿಷ 25.36 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಬರೆದರು, ಹೆಲ್ಸಿಂಕಿಯಲ್ಲಿ ಯುರೋಪಿಯನ್ ಚಾಂಪಿಯನ್ ಆದರು. ಮಹಿಳೆಯರ 3,000 ಮೀಟರ್ ಬದಲಿಗೆ 5,000 ಮೀಟರ್ ಬಂದ 1995ರ ಗೋಥೆನ್‌ಬರ್ಗ್ ವಿಶ್ವಕೂಟದಲ್ಲಿ ಆ ಹೊಸ ದೂರದ ಮೊದಲ ಚಿನ್ನ ಅವರದೇ. ಕೊನೆಯ ಸುತ್ತಿನವರೆಗೂ ಗುಂಪಿನಲ್ಲಿ ತಾಳ್ಮೆಯಿಂದಿದ್ದು, ಕೊನೆಯಲ್ಲಿ ಒಮ್ಮೆಲೇ ವೇಗ ಹೆಚ್ಚಿಸುವುದು ಅವರ ವರಸೆಯಾಗಿತ್ತು.

ಹೀಗಾಗಿ 1996ರ ಅಟ್ಲಾಂಟಾಕ್ಕೆ ಅವರು ಹೋದದ್ದು ಚಿನ್ನ ಗೆಲ್ಲುವವರೆಂದೇ. ಅಲ್ಲಿ ಆದದ್ದೇ ಬೇರೆ. 5,000 ಮೀಟರ್‌ನ ಹೀಟ್ಸ್‌ಗೆ, ಅಂದರೆ ಫೈನಲ್‌ಗೆ ಮುಂಚಿನ ಅರ್ಹತಾ ಸುತ್ತಿಗೆ, ಹೊರಡುವ ಹೊತ್ತಿನಲ್ಲಿ, ಯಾವ ಕಂಪನಿಯ ಉಡುಪು ತೊಡಬೇಕೆಂಬ ಅಧಿಕಾರಿಗಳ ಜಗಳದಿಂದಾಗಿ ಅವರು ಕ್ರೀಡಾಂಗಣದ ಸುರಂಗದಲ್ಲೇ ನಿಂತು ಬಟ್ಟೆ ಬದಲಿಸಬೇಕಾಯಿತು. ನಾಲ್ಕು ವರ್ಷ ಸಿದ್ಧವಾದವರನ್ನು ನಡೆಸಿಕೊಳ್ಳುವ ರೀತಿಯೇ ಇದು! ಫೈನಲ್‌ನಲ್ಲಿ ಅನಾರೋಗ್ಯದಿಂದ ಬಳಲಿ ಅವರು ಓಟದ ನಡುವೆಯೇ ಟ್ರ್ಯಾಕ್ ಬಿಟ್ಟರು. 1,500 ಮೀಟರ್‌ನಲ್ಲಿ ಹೀಟ್ಸ್ ಕೂಡ ದಾಟಲಿಲ್ಲ.

ಮುಗಿಯಿತು ಎಂದವರಿಗೆ ಉತ್ತರ ಸಿಕ್ಕಿದ್ದು 1998ರಲ್ಲಿ. ಮೊರಾಕ್ಕೋದ ಮರ್ರಕೇಶ್‌ನಲ್ಲಿ ನಡೆದ ವಿಶ್ವ ಗುಡ್ಡಗಾಡು ಓಟದಲ್ಲಿ ಸತತ ಎರಡು ದಿನ ಎರಡು ಚಿನ್ನ, ಬುಡಾಪೆಸ್ಟ್‌ನ ಯುರೋಪಿಯನ್ ಕೂಟದಲ್ಲಿ 5,000 ಮತ್ತು 10,000 ಮೀಟರ್ ಎರಡರಲ್ಲೂ ಚಿನ್ನ. 1999ರ ಜುಲೈಯಲ್ಲಿ ಮೊದಲ ಮಗಳು ಹುಟ್ಟಿದಳು. ಸಿಡ್ನಿಗೆ ಉಳಿದಿದ್ದುದು ಹದಿನಾಲ್ಕು ತಿಂಗಳು.

ಈಗ ಆ ಫೈನಲ್. ಓಟದ ನಡುವೆ ಸೋನಿಯಾ ಮುಂದಿನ ಗುಂಪಿನಿಂದ ಕಳಚಿಕೊಂಡು ಹಿಂದೆ ಉಳಿದರು. ಅಟ್ಲಾಂಟಾ ಕಂಡವರಿಗೆ ಇದು ಅದರದೇ ಮರುಕಳಿಕೆ ಎನಿಸಿರಬೇಕು. ಆದರೆ ಈ ಬಾರಿ ಅವರು ಟ್ರ್ಯಾಕ್ ಬಿಡಲಿಲ್ಲ. ಅಂತರವನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡುತ್ತ ಗುಂಪನ್ನು ಸೇರಿಕೊಂಡರು. ಕೊನೆಯ ನೇರದಲ್ಲಿ ಅವರು ಸಾಬೊ ಅವರಿಗೆ ಹೆಗಲಿಗೆ ಹೆಗಲು ಎಂಬಷ್ಟು ಹತ್ತಿರವಿದ್ದರು. ಅಥ್ಲೆಟಿಕ್ಸ್‌ನಲ್ಲಿ ಐರಿಷ್ ಮಹಿಳೆಯೊಬ್ಬರಿಗೆ ಬಂದ ಮೊದಲ ಒಲಿಂಪಿಕ್ ಪದಕ ಅದು.

2004ರ ಅಥೆನ್ಸ್ ಅವರ ನಾಲ್ಕನೆಯ ಒಲಿಂಪಿಕ್ಸ್. 5,000 ಮೀಟರ್ ಫೈನಲ್‌ನಲ್ಲಿ ಅವರು ಎಲ್ಲರಿಗಿಂತ ಹಿಂದೆ ಬಿದ್ದರು. ಗೆದ್ದವರು ಗುರಿ ದಾಟಿ ಒಂದೂವರೆ ನಿಮಿಷವಾದ ಮೇಲೂ ಟ್ರ್ಯಾಕ್‌ನಲ್ಲಿದ್ದ ಸೋನಿಯಾ, ಕೊನೆಯವರಾಗಿ, ಪೂರ್ತಿ ಹನ್ನೆರಡೂವರೆ ಸುತ್ತು ಓಡಿಯೇ ನಿಂತರು.